ಬೂಷ್ಟಿನ ವಾಸನೆ ಹಿಡಿಯುತ್ತಿದ್ದ ದೊಡ್ಡ ಸಿಸ್ಟರ್

ದೊಡ್ಡ ಸಿಸ್ಟರ್‌ಗೆ ಇದ್ದಂಥ ಮೂಗು ಪೊಲೀಸ್ ನಾಯಿಗೂ ಇರಲಿಕ್ಕಿಲ್ಲ ಎಂದು ನಾವು ನರ್ಸ್‌ಗಳೆಲ್ಲ ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಬೆಳಗಿನ ಪಾಳಿಗೆ ಬಂದವರೇ ವಾರ್ಡಿನ ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದು, "ಎಲ್ಲೋ ಒದ್ದೆ ಬಟ್ಟೆ ಇದೆ ಕಣ್ಣು, ಹುಡುಕು" ಎನ್ನುತ್ತಿದ್ದರು. ಹುಡುಕಿದರೆ ಇದ್ದೇ ಇರುತ್ತಿತ್ತು. ಯಾವುದೋ ಮಂಚದ ಕೆಳಗೆ ಮುದುರಿಟ್ಟ ಟವಲ್, ಇಲ್ಲವೇ ಕಿಟಕಿಯ ಮೂಲೆಯಲ್ಲಿ ಯಾರೋ ಮರೆತ ಅರ್ಧ ಕಿತ್ತಳೆ. 'ಕಣ್ಣು' ಎನ್ನುವುದು ಅವರ ತಮಿಳು ಮನೆಮಾತಿನ ಮುದ್ದು. ಹಲಸೂರಿನಲ್ಲಿ ಹುಟ್ಟಿ ಬೆಳೆದವರು. ರೋಗಿ ಕನ್ನಡದಲ್ಲಿ ನರಳಲಿ, ತಮಿಳಿನಲ್ಲಿ ನರಳಲಿ, ಉರ್ದುವಿನಲ್ಲಿ ನರಳಲಿ, ಅದೇ ಭಾಷೆಯಲ್ಲಿ ಸಮಾಧಾನ ಹೇಳುತ್ತಿದ್ದರು.

ಹೋದ ತಿಂಗಳು ಅವರು ನಿವೃತ್ತರಾದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೆಲವರು ಹೊಗಳಿದೆ ಅಂದುಕೊಳ್ಳುತ್ತಾರೆ, ಕೆಲವರು ದೂರಿದೆ ಅನ್ನುತ್ತಾರೆ. ನನಗೆ ಕೆಲಸ ಕಲಿಸಿದವರು ಅವರು. ನಂಬಿಸಿ ಕತ್ತು ಕೊಯ್ದವರೂ ಅವರೇ. ಎರಡೂ ಒಂದೇ ಕೈಯಿಂದ ಆಗಿದ್ದರಿಂದ ನನಗೆ ಇವತ್ತಿಗೂ ಆ ಕೈಯನ್ನು ಪೂರ್ತಿಯಾಗಿ ದ್ವೇಷಿಸಲು ಆಗಿಲ್ಲ.

ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ನಮ್ಮದು ರಕ್ತ ಕ್ಯಾನ್ಸರ್ ವಾರ್ಡು. ಕೀಮೋ ಕೊಟ್ಟ ಮೇಲೆ ರೋಗಿಯ ರಕ್ತದಲ್ಲಿ ಬಿಳಿ ಕಣಗಳು ಕುಸಿಯುತ್ತವೆ. ನಾವು ಅದಕ್ಕೆ 'ಕೌಂಟ್ ಬಿದ್ದಿದೆ' ಎನ್ನುತ್ತೇವೆ. ಕೌಂಟ್ ಬಿದ್ದಷ್ಟು ದಿನ ಮೈಗೆ ಕಾವಲಿರುವುದಿಲ್ಲ. ನಾವು ನೀವು ದಿನವೂ ಉಸಿರಾಡಿ ಬದುಕಿಕೊಂಡಿರುವ ಬೂಷ್ಟಿನ ಕಣ ಅವರ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಬೇರು ಬಿಡುತ್ತದೆ. ಹೊಸದಾಗಿ ಸೇರಿದವರ ಮನೆಯವರನ್ನು ಕೂರಿಸಿಕೊಂಡು ದೊಡ್ಡ ಸಿಸ್ಟರ್ ಹೇಳುತ್ತಿದ್ದರು: "ಡಾಕ್ಟರ್ ಫಂಗಸ್ ಅಂದ್ರು ಅಂತ ಹೆದರ್ಕೋಬೇಡಿ. ಬ್ರೆಡ್ ಮೇಲೆ ಹಸಿರು ಬೂಷ್ಟು ಬರುತ್ತಲ್ಲ, ಅದರ ಅಣ್ಣತಮ್ಮಂದಿರೇ. ಎದೆಗೆ ಇಳಿಯೋದು ಉಸಿರಿಂದ. ಧೂಳು ಬರಬಾರ್ದು, ಹೂವು ಬರಬಾರ್ದು, ಮಣ್ಣು ಬರಬಾರ್ದು. ದೇವರ ಪ್ರಸಾದನೂ ಕೌಂಟ್ ಬಂದ್ಮೇಲೇನೆ. ದೇವರು ಕಾಯ್ತಾನೆ, ಬೂಷ್ಟು ಕಾಯಲ್ಲ."

ಹೂವಿನ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಒಮ್ಮೆ ಇಂದಿರಾನಗರದ ಒಬ್ಬ ನಿವೃತ್ತ ಅಧಿಕಾರಿ ಗೆಳೆಯನನ್ನು ನೋಡಲು ತೆಕ್ಕೆ ತುಂಬ ಗುಲಾಬಿ ಹಿಡಿದು ಬಂದರು. ಬಿಡುವುದಿಲ್ಲ ಎಂದದ್ದಕ್ಕೆ ಇಂಗ್ಲಿಷಿನಲ್ಲಿ ಹಾರಾಡಿದರು. ದೊಡ್ಡ ಸಿಸ್ಟರ್ ಪೂರ್ತಿ ಕೇಳಿಸಿಕೊಂಡು, ಗುಲಾಬಿಯನ್ನು ಅವರ ಕೈಯಿಂದ ಮೆತ್ತಗೆ ತೆಗೆದುಕೊಂಡು, "ತುಂಬಾ ಚೆನ್ನಾಗಿದೆ ಸರ್, ನನ್ನ ಸ್ಕೂಟರ್‌ಗೆ ಇಡ್ತೀನಿ, ಅದಕ್ಕೆ ಕೌಂಟ್ ಇದೆ" ಎಂದರು. ಅವರಿಗೇನೂ ಹೂವಿನ ಮೇಲೆ ದ್ವೇಷವಿರಲಿಲ್ಲ. ಪಾಳಿ ಮುಗಿಸಿ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಹೋದ ಮೇಲೆ ಚೀಲದಿಂದ ಸಣ್ಣ ಡಬ್ಬಿ ತೆಗೆದು, ಅದರಲ್ಲಿದ್ದ ಒಂದು ಮೊಳ ಮಲ್ಲಿಗೆ ಮುಡಿದುಕೊಂಡೇ ಮನೆಗೆ ಹೊರಡುತ್ತಿದ್ದರು.

ಇನ್ನೊಂದು ಮಾತು ಅವರು ನಮಗೆ ಹೇಳುತ್ತಿದ್ದದ್ದು: "ನೋಡಿದ್ದನ್ನ ಬರಿ. ನೋಡದೇ ಇರೋದಕ್ಕೆ ಟಿಕ್ ಹಾಕ್ಬೇಡ." ವಾರ್ಡಿನಲ್ಲಿ ದಿನಕ್ಕೊಂದು ಹಾಳೆ ಇರುತ್ತಿತ್ತು. ಕಿಟಕಿ ಮುಚ್ಚಿದೆಯೇ, ಗೋಡೆಯಲ್ಲಿ ತೇವ ಇದೆಯೇ, ಏಸಿಯ ಜಾಲರಿ ಒರೆಸಿದೆಯೇ, ಹೀಗೆ ಒಂದೊಂದಕ್ಕೂ ಟಿಕ್ ಹಾಕಿ ಸಹಿ ಮಾಡಬೇಕು. ನಾನು ಕೂತಲ್ಲೇ ಟಿಕ್ ಹಾಕಿದ ಒಂದು ದಿನ ಅವರು ನನ್ನ ಬೆರಳು ಹಿಡಿದುಕೊಂಡು ಹೋಗಿ ಏಸಿಯ ಜಾಲರಿಯ ಮೇಲೆ ಎಳೆಸಿದರು. ಬೆರಳು ಕಪ್ಪಾಯಿತು. ಆಮೇಲೆ ಅವರು ಏನೂ ಬೈಯಲಿಲ್ಲ, ಒಂದು ಲೋಟ ಟೀ ತರಿಸಿಕೊಟ್ಟರು.

ನನ್ನ ಜೀವನದ ದೊಡ್ಡ ತಪ್ಪನ್ನು ಮುಚ್ಚಿದವರೂ ಅವರೇ. ಬೂಷ್ಟು ಹಿಡಿದವರಿಗೆ ರಕ್ತನಾಳದ ಮೂಲಕ ಕೊಡುವ ಔಷಧಿಯೊಂದಿದೆ. ನಾವು ಅದನ್ನು ಮೊಟಕಾಗಿ 'ಆಂಫೋ' ಎನ್ನುತ್ತೇವೆ. ಅದನ್ನು ಗ್ಲೂಕೋಸ್ ನೀರಿನಲ್ಲೇ ಬೆರೆಸಬೇಕು, ಉಪ್ಪು ನೀರಿನಲ್ಲಿ ಬೆರೆಸಿದರೆ ಹಾಲೊಡೆದಂತೆ ಒಡೆದುಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗಡಿಬಿಡಿಯಲ್ಲಿ ಉಪ್ಪು ನೀರಿಗೆ ಬೆರೆಸಿಬಿಟ್ಟೆ. ಇನ್ನೇನು ರೋಗಿಯ ಕೈಗೆ ಜೋಡಿಸಬೇಕು, ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದು ನನ್ನ ಮಣಿಕಟ್ಟು ಹಿಡಿದರು. ಬಾಟಲಿಯನ್ನು ಬೆಳಕಿಗೆ ಎತ್ತಿ ತೋರಿಸಿದರು. ದುಬಾರಿ ಔಷಧಿ ಹಾಳಾಗಿತ್ತು, ಡಾಕ್ಟರ್ ಕೇಳಿದರು. "ನನ್ನ ಕೈತಪ್ಪು ಡಾಕ್ಟರ್" ಎಂದರು ದೊಡ್ಡ ಸಿಸ್ಟರ್. ಮೆಮೋ ಅವರ ಹೆಸರಿಗೇ ಬಂತು. ಅವತ್ತು ಜೋಗುಪಾಳ್ಯದ ನಮ್ಮ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ನನಗೆ ಆಸ್ಪತ್ರೆಯಲ್ಲಿ ಇನ್ನೊಬ್ಬರು ತಾಯಿ ಇದ್ದಾರೆ ಎಂದು.

ಆಂಫೋ ಹನಿಯುವಾಗ ರೋಗಿಗೆ ಚಳಿ ಹತ್ತಿ ಮಂಚವೇ ಅದುರುತ್ತದೆ. ಆಗ ಅವರು ಮೂರು ಕಂಬಳಿ ಹೊದಿಸಿ, ಪಾದಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಇದು ಔಷಧಿಯ ನಡುಕ ಕಣ್ಣು, ಹೋಗ್ಬಿಡುತ್ತೆ" ಎನ್ನುತ್ತಾ ಕೂರುತ್ತಿದ್ದರು. ಎಷ್ಟೋ ರೋಗಿಗಳು ಡಾಕ್ಟರ ಮುಖ ಮರೆತಿದ್ದಾರೆ, ಆ ಕೈಗಳನ್ನು ಮರೆತಿಲ್ಲ.

ಅಂಬಿಕಾ ನಮ್ಮ ವಾರ್ಡಿಗೆ ಬಂದದ್ದು ಇಂಥ ದಿನಗಳಲ್ಲೇ. ಯಾದಗಿರಿ ಕಡೆಯ ಹುಡುಗಿ, ಮದುವೆಯಾಗಿ ಮೂರು ವರ್ಷವಾಗಿತ್ತು. ಗಂಡ ಶರಣಪ್ಪ ಟೈಲ್ಸ್ ಹಾಕುವ ಕೆಲಸದವನು. ಹೊಸ ತಿಪ್ಪಸಂದ್ರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಆಸ್ಪತ್ರೆಗೆ ಓಡಾಡುತ್ತಿದ್ದವರು ಅತ್ತೆ ಮಲ್ಲಮ್ಮ. ಅಷ್ಟು ಪ್ರೀತಿಯ ಅತ್ತೆ ಸೊಸೆಯನ್ನು ನಾನು ಟಿವಿ ಧಾರಾವಾಹಿಯಲ್ಲೂ ಕಂಡಿಲ್ಲ. ಮಲ್ಲಮ್ಮ ಸೊಸೆಯ ಬೋಳು ತಲೆ ಸವರಿ, "ನನ್ನ ಮಗಾ ಆಗೀಯಲ್ಲಬೇ ಈಗ" ಎಂದು ನಗಿಸುತ್ತಿದ್ದರು.

ಅಂಬಿಕಾಗೆ ಬೂಷ್ಟು ತಗಲದಿರಲೆಂದು ಮೊದಲೇ ಕೊಡುತ್ತಿದ್ದ ಔಷಧಿ ಒಂದು ಬಗೆಯ ಟಾನಿಕ್ಕು. ಹೊಟ್ಟೆಯಲ್ಲಿ ಜಿಡ್ಡಿನ ಊಟ ಇದ್ದರಷ್ಟೇ ಅದು ಮೈಗೆ ಹಿಡಿಯುತ್ತದೆ. ಹುಡುಗಿಗೋ ಆಸ್ಪತ್ರೆಯ ಇಡ್ಲಿ, ಗಂಜಿ ಗಂಟಲಲ್ಲಿ ಇಳಿಯದು. ದೊಡ್ಡ ಸಿಸ್ಟರ್ ಎರಡು ದಿನ ನೋಡಿ ಮಲ್ಲಮ್ಮನನ್ನು ಕರೆದರು.

"ಯಮ್ಮಾ, ನಿಮ್ ಕಡೆ ಏನ್ ತಿಂತಾಳೆ ಇವಳು?"

"ಬಿಸಿ ರೊಟ್ಟಿ ಇದ್ರ ಸಾಕ್ರಿ ಅಕ್ಕಾರ. ಜ್ವಾಳದ ರೊಟ್ಟಿ, ಮ್ಯಾಲ ತುಪ್ಪ."

"ಹಂಗಾದ್ರೆ ಅದೇ ತನ್ನಿ. ಆದ್ರೆ ನೋಡಿ, ಒಣಗಿಸಿ ಇಟ್ಟಿದ್ದು ಬೇಡ. ಅಲ್ಲೇ ಸುಟ್ಟು, ಬಿಸಿಬಿಸಿ ಡಬ್ಬಿಗೆ ಹಾಕಿ ಸೀದಾ ತರ್ಬೇಕು. ಡಬ್ಬಿ ನೀರಲ್ಲಿ ಕುದ್ಸಿ. ತುಪ್ಪ ಮನೇಲೇ ಕಾಯ್ಸಿ. ದಾರೀಲಿ ಯಾರಿಗೂ ತೆಗೆದು ತೋರಿಸ್ಬೇಡಿ."

ಮಲ್ಲಮ್ಮ ಅದನ್ನು ವ್ರತದಂತೆ ಪಾಲಿಸಿದರು. ಮಧ್ಯಾಹ್ನ ಬಸ್ಸಿಳಿದು ಬರುವಾಗ ಡಬ್ಬಿ ಇನ್ನೂ ಸುಡುತ್ತಿರುತ್ತಿತ್ತು. ದೊಡ್ಡ ಸಿಸ್ಟರ್ ಅದರ ಮುಚ್ಚಳ ತೆಗೆದು ಒಮ್ಮೆ ಮೂಸಿ, "ಪಾಸ್" ಎನ್ನುತ್ತಿದ್ದರು. ಅಂಬಿಕಾ ಎರಡು ರೊಟ್ಟಿ ತಿಂದು ಟಾನಿಕ್ ಕುಡಿಯುತ್ತಿದ್ದಳು. ಮಲ್ಲಮ್ಮನ ಮುಖದ ಹೆಮ್ಮೆ ನೋಡಬೇಕಿತ್ತು ಆಗ.

ಅದೇ ತಿಂಗಳು ವಾರ್ಡಿನ ಪಕ್ಕದ ಹಳೇ ಬಚ್ಚಲುಗಳನ್ನು ಒಡೆದು ಸ್ಕ್ಯಾನಿಂಗ್ ಕೋಣೆ ಮಾಡಲು ಆಡಳಿತದವರು ಹೊರಟರು. ಹಳೇ ಗೋಡೆ ಒಡೆದರೆ ಅದರೊಳಗಿನ ಬೂಷ್ಟೆಲ್ಲ ಗಾಳಿಗೆ ಬರುತ್ತದೆ. ದೊಡ್ಡ ಸಿಸ್ಟರ್ ಕೆಂಡವಾದರು. ರೋಗಿಗಳನ್ನು ಬೇರೆ ಮಹಡಿಗೆ ಕಳಿಸಿ, ಆಮೇಲೆ ಸುತ್ತಿಗೆ ಎತ್ತಿ ಎಂದು ಎರಡು ದಿನ ಮೇಲಿನವರ ಜತೆ ಜಗಳವಾಡಿದರು. ನಮಗೆಲ್ಲ ಖುಷಿ. ಮೂರನೇ ದಿನ ಮೀಟಿಂಗಿನಿಂದ ಸುಮ್ಮನೆ ಬಂದು ಕುಳಿತರು. "ಪ್ಲಾಸ್ಟಿಕ್ ಪರದೆ ಹಾಕ್ತಾರಂತೆ, ಸಾಕು" ಎಂದರು. ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗೆ ಅವರ ಹೆಸರು ಓಡಾಡುತ್ತಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದು ವಾರವಾದ ಮೇಲೆ ಬೆಳಿಗ್ಗೆ ನಾನು ನೋಡಿದಾಗ ಪರದೆ ಕೆಳಗಿನಿಂದ ಮೊಣಕಾಲುದ್ದ ಹರಿದಿತ್ತು. ವಾರ್ಡಿನ ಬಾಗಿಲ ಹಿಡಿಯ ಮೇಲೆ ಬಿಳಿ ಧೂಳು. ಒಳಗಿನ ಟ್ರಾಲಿಯ ಮೇಲೂ ಬೆರಳಿಟ್ಟರೆ ಗೆರೆ ಮೂಡುತ್ತಿತ್ತು. ಹಾಳೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ: ಪರದೆ ಹರಿದಿದೆ, ಧೂಳು ಒಳಗೆ ಬಂದಿದೆ. ದೊಡ್ಡ ಸಿಸ್ಟರ್ ಶಹಬ್ಬಾಸ್ ಎನ್ನುತ್ತಾರೆ ಎಂದೇ ಕೊಂಡೊಯ್ದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಮಡಚಿ, ಮತ್ತೆ ಹಾಕಿಕೊಂಡರು.

"ಇದನ್ನ ಬೇರೆ ಹಾಳೇಲಿ ಬರೆದ್ಬಿಡು ಕಣ್ಣು. ಎಲ್ಲಾ ಟಿಕ್ ಹಾಕು. ಇವತ್ತು ಇನ್‌ಸ್ಪೆಕ್ಷನ್ ಇದೆ. ನಾನು ಮೇಲೆ ಬಾಯಲ್ಲಿ ಹೇಳಿ ಸರಿ ಮಾಡಿಸ್ತೀನಿ."

"ಸಿಸ್ಟರ್, ನೀವೇ ಹೇಳ್ತಿದ್ರಲ್ಲ..."

"ನನ್ನ ಮೇಲೆ ನಂಬಿಕೆ ಇಲ್ವಾ?"

ಇತ್ತು. ಹಾಗಾಗಿಯೇ ಬರೆದೆ. ಎಲ್ಲಕ್ಕೂ ಟಿಕ್, ಕೆಳಗೆ ನನ್ನ ಸಹಿ. ಹಳೇ ಹಾಳೆಯನ್ನು ಅವರು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ಪರದೆಗೆ ಟೇಪ್ ಬಿದ್ದದ್ದು ಮೂರು ದಿನ ಬಿಟ್ಟು.

ಅದಾಗಿ ಕೆಲವೇ ದಿನಕ್ಕೆ ಅಂಬಿಕಾಗೆ ಜ್ವರ ಬಂತು. ಆಂಟಿಬಯಾಟಿಕ್ ಹಾಕಿದೆವು, ಜಗ್ಗಲಿಲ್ಲ. ಐದನೇ ದಿನವೂ ಜ್ವರ ಇಳಿಯದಿದ್ದರೆ ಬೂಷ್ಟೆಂದು ಅನುಮಾನಿಸು ಎಂದು ದೊಡ್ಡ ಸಿಸ್ಟರೇ ನಮಗೆ ಬಾಯಿಪಾಠ ಮಾಡಿಸಿದ್ದರು. ಎದೆಯ ಸ್ಕ್ಯಾನ್ ಮಾಡಿಸಿದರು. ಬಲಗಡೆಯ ಶ್ವಾಸಕೋಶದಲ್ಲಿ ಒಂದು ಗಂಟು, ಸುತ್ತ ಮಂಜಿನ ಉಂಗುರ. ರಕ್ತದ ಪರೀಕ್ಷೆಯೂ ಬೂಷ್ಟೆಂದೇ ಹೇಳಿತು.

ಮನೆಯವರನ್ನು ಕರೆದು ಮಾತಾಡುವಾಗ ಕೋಣೆಯಲ್ಲಿ ಡಾಕ್ಟರ್, ದೊಡ್ಡ ಸಿಸ್ಟರ್, ನಾನು. ಎದುರಿಗೆ ಶರಣಪ್ಪ, ಮಲ್ಲಮ್ಮ, ಊರಿಂದ ಬಂದಿದ್ದ ಅಂಬಿಕಾಳ ಅಪ್ಪ. ಡಾಕ್ಟರ್ ಒಳ್ಳೆಯವರು, ನೇರವಾಗಿಯೇ ಹೇಳಿದರು. ಈ ಬೂಷ್ಟು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ, ಆಸ್ಪತ್ರೆಗೆ ಬರುವ ಮೊದಲೇ ಎದೆಯಲ್ಲಿ ಇದ್ದಿರಲೂಬಹುದು ಎಂದರು.

ಶರಣಪ್ಪ ಬಿಡಲಿಲ್ಲ. "ಬಾಜೂಕ ಗ್ವಾಡಿ ಒಡೀತಾರಲ್ರಿ ಸಾಹೇಬ್ರ. ನಾ ಟೈಲ್ಸ್ ಕೆಲಸದವ, ಧೂಳಂದ್ರ ನನಗ ಗೊತ್ತದ. ಇಲ್ಲಿ ಬಾಗಿಲ್ದಾಗ ಧೂಳ ನೋಡೀನಿ ನಾ."

ಡಾಕ್ಟರ್ ದೊಡ್ಡ ಸಿಸ್ಟರ್ ಕಡೆ ತಿರುಗಿದರು. ಅವರು ನಾನು ಸಹಿ ಮಾಡಿದ ಹಾಳೆಯನ್ನು ಮೇಜಿನ ಮೇಲಿಟ್ಟರು. "ವಾರ್ಡಿನ ಒಳಗೆ ಧೂಳು ಬಂದಿಲ್ಲ ಡಾಕ್ಟರ್, ದಿನಾ ಚೆಕ್ ಮಾಡಿದೀವಿ" ಎಂದರು. ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ, ಪಾದ ಒತ್ತಿ ಹಿಡಿದು ಮಾತಾಡಿಸುವ ದನಿಯಲ್ಲಿ, "ಮನೆಯಿಂದ ರೊಟ್ಟಿ ಬರ್ತಿತ್ತು. ಹೊರಗಿನ ಊಟ. ಪಾಪ, ಅವ್ರು ಪ್ರೀತಿಯಿಂದಲೇ ತಂದಿದ್ದು" ಎಂದರು.

ನಾನು ಹಾಳೆಯ ಮೇಲಿನ ನನ್ನ ಸಹಿಯನ್ನೇ ನೋಡುತ್ತಾ ನಿಂತೆ. ಡಾಕ್ಟರ್ "ಹಾಗೇನೂ ಹೇಳೋಕಾಗಲ್ಲ" ಎಂದು ಗೊಣಗಿದರು, ಅದು ಯಾರ ಕಿವಿಗೂ ಬೀಳಲಿಲ್ಲ. ಅಂಬಿಕಾಳ ಅಪ್ಪ ಎದ್ದು ನಿಂತು ಬೀಗತಿಯ ಮುಖ ನೋಡಿ, "ರೊಟ್ಟಿ ತಿನಿಸಿ ಕೊಲ್ಲಾಕ ಹತ್ತೀರೇನ್ರಿ ನನ್ನ ಮಗಳ್ನ?" ಎಂದು ಕೇಳಿಬಿಟ್ಟರು. ಮಲ್ಲಮ್ಮ ಮಡಿಲಲ್ಲಿದ್ದ ಡಬ್ಬಿಯನ್ನು ಸೆರಗಿನ ಒಳಗೆ ಎಳೆದುಕೊಂಡರು. ಅವತ್ತಿನ ರೊಟ್ಟಿ ಅದರಲ್ಲೇ ಇತ್ತು.

ಆ ದಿನದ ಪಾಳಿ ಮುಗಿದ ಮೇಲೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅವರನ್ನು ತಡೆದೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ಯಾಕ್ ಹಂಗಂದ್ರಿ ಸಿಸ್ಟರ್? ರೊಟ್ಟಿ ತರ್ಸಿದ್ದು ನೀವೇ ಅಲ್ವಾ?"

"ಮೆಲ್ಲಗೆ. ಆ ಹಾಳೆ ಮೇಲೆ ಸೈನ್ ಯಾರ್ದು? ನಿಂದು. ಧೂಳು ಅಂತ ಎದ್ರೆ ಮೊದಲು ಹೋಗೋದು ನಿನ್ನ ಕೆಲ್ಸ. ಆ ಯಮ್ಮ ನಾಳೆ ಊರಿಗೆ ಹೋಗ್ತಾರೆ, ನಾಲ್ಕು ದಿನ ಅಳ್ತಾರೆ, ಮರೀತಾರೆ. ನಿನ್ನ ಉಳಿಸ್ಬೇಕಿತ್ತು, ಉಳಿಸ್ದೆ."

ಉಳಿಸಿದೆ ಎನ್ನುವ ಆ ಮಾತು ನನ್ನನ್ನು ಮುರಿಯಿತು. ನನ್ನನ್ನು ನೇರವಾಗಿ ಹಿಡಿದುಕೊಟ್ಟಿದ್ದರೂ ಸಹಿಸುತ್ತಿದ್ದೆನೇನೋ. ಆದರೆ ಅವರು ತಮ್ಮ ಸುಳ್ಳಿಗೆ ನನ್ನನ್ನೇ ಕಾರಣ ಮಾಡಿದರು, ಹೊರೆಯನ್ನು ನನ್ನ ತಲೆಗೆ ಕಟ್ಟಿ ಅದಕ್ಕೆ ಉಪಕಾರ ಎಂದು ಹೆಸರಿಟ್ಟರು. ಹಿಂದೆ ಒಡೆದ ಔಷಧಿಯ ಮೆಮೋ ತಮ್ಮ ಮೇಲೆ ಹಾಕಿಕೊಂಡವರು ಅವರು. ಆ ಋಣ ನನ್ನ ಮೇಲಿತ್ತು, ಜತೆಗೆ ಕೆಲಸ ಹೋಗುವ ಭಯ. ಬಸ್ ಹತ್ತಿದೆ.

ಮಲ್ಲಮ್ಮ ಮಾರನೇ ದಿನದಿಂದ ವಾರ್ಡಿನ ಒಳಗೆ ಬರಲಿಲ್ಲ. ಗೇಟಿನ ಹೊರಗೆ ಕೂತಿರುತ್ತಿದ್ದರು. ಆಂಫೋ ಹನಿಯುತ್ತಾ ಮೈ ಅದುರುವಾಗಲೂ ಅಂಬಿಕಾ ಕೇಳುತ್ತಿದ್ದಳು: "ಅತ್ತಿ ಯಾಕ ಬರವಲ್ರು ಅಕ್ಕಾರ?" ಅವರಿಗೆ ನೆಗಡಿ, ನಿನಗೆ ತಗಲಬಾರದು ಎಂದೆ. ಇನ್ನೊಂದು ಸುಳ್ಳು, ಇದು ನನ್ನ ಸ್ವಂತದ್ದು. ಬೂಷ್ಟನ್ನು ಆಂಫೋ ಹತೋಟಿಗೆ ತಂದಿತು. ಆದರೆ ಅದು ಹತೋಟಿಗೆ ಬರುವ ತನಕ ಮುಂದಿನ ಕೀಮೋ ಕೊಡುವಂತಿರಲಿಲ್ಲ. ಆ ತಡದಲ್ಲಿ ಕ್ಯಾನ್ಸರ್ ತಿರುಗಿ ಬಂತು. ಮೂರು ತಿಂಗಳಿಗೆ ಹುಡುಗಿ ಹೋದಳು.

ನಾನು ಆ ಆಸ್ಪತ್ರೆ ಬಿಟ್ಟು ಇಂದಿರಾನಗರದ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದೆ. ದೊಡ್ಡ ಸಿಸ್ಟರ್ ಸೂಪರಿಂಟೆಂಡೆಂಟ್ ಆದರು. ಸುಳ್ಳೇಕೆ ಹೇಳಲಿ, ಒಳ್ಳೆಯ ಸೂಪರಿಂಟೆಂಡೆಂಟ್ ಎಂದೇ ಹೆಸರು ಮಾಡಿದರು. ಕಟ್ಟಡದ ಕೆಲಸ ನಡೆದರೆ ರೋಗಿಗಳನ್ನು ಬೇರೆ ಮಹಡಿಗೆ ಸಾಗಿಸಬೇಕೆಂಬ ನಿಯಮವನ್ನು ಆಮೇಲೆ ತಂದವರೂ ಅವರೇ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಬೀಳ್ಕೊಡುಗೆಗೆ ಹಳೆಯವರನ್ನೆಲ್ಲ ಕರೆದಿದ್ದರು. ಹೋಗಬಾರದೆಂದುಕೊಂಡೇ ಹೋದೆ. ಮೈಸೂರು ಪೇಟ, ಶಾಲು, ಆಳೆತ್ತರದ ಹಾರ. ಭಾಷಣದಲ್ಲಿ ಅವರು ಹೊಸ ನರ್ಸ್‌ಗಳಿಗೆ ಕಿವಿಮಾತು ಹೇಳುತ್ತಾ ಒಂದು ಕಥೆ ತೆಗೆದರು: "ಒಬ್ರು ಅಜ್ಜಿ ಇದ್ರು. ನಾವು ಎಷ್ಟು ಹೇಳಿದ್ರೂ ಕೇಳ್ದೆ ಸೊಸೆಗೆ ಮನೆಯಿಂದ ರೊಟ್ಟಿ ತರ್ತಿದ್ರು..." ನನ್ನ ಪಕ್ಕದ ಹುಡುಗಿ ಪಿಸುಗುಟ್ಟಿದಳು, "ರೊಟ್ಟಿ ಅಜ್ಜಿ ಕಥೆ ಮೇಡಂ. ನಮ್ಗೆ ಟ್ರೈನಿಂಗ್‌ನಲ್ಲಿ ಫಸ್ಟ್ ಕ್ಲಾಸೇ ಇದು."

ಊಟದ ಹೊತ್ತಿಗೆ ಅವರು ನನ್ನ ಗದ್ದ ಹಿಡಿದು, "ಏನ್ ಕಣ್ಣು, ಇಳಿದ್ಹೋಗಿದೀಯ" ಎಂದರು. ಕೈ ಹಾಗೆಯೇ ಬೆಚ್ಚಗಿತ್ತು. ನಾನು ಕೇಳಿದೆ, "ಸಿಸ್ಟರ್, ಆ ರೊಟ್ಟಿ ತನ್ನಿ ಅಂದಿದ್ದು ನೀವೇ ಅಲ್ವಾ?" ಅವರು ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದರು. "ನಾನಾ? ಇಲ್ಲಪ್ಪಾ. ನಾನ್ಯಾಕೆ ಹೊರಗಿನ ಊಟ ತರಿಸ್ಲಿ?" ಅವರ ಮುಖದಲ್ಲಿ ಕಳ್ಳತನವಿರಲಿಲ್ಲ. ಹೇಳಿ ಹೇಳಿ ಅವರಿಗೇ ಅದು ನಿಜವಾಗಿಬಿಟ್ಟಿತ್ತು. ನಡೆದದ್ದು ಗೊತ್ತಿದ್ದವಳು ಈಗ ಭೂಮಿಯ ಮೇಲೆ ನಾನೊಬ್ಬಳೇ ಎಂದು ಅನಿಸಿತು.

ಮಾರನೇ ದಿನವೇ ಹೊಸ ತಿಪ್ಪಸಂದ್ರಕ್ಕೆ ಹೋದೆ. ಮಾರ್ಕೆಟ್ ರಸ್ತೆಯಲ್ಲಿ ವಿಚಾರಿಸಿದೆ. ಪಾತ್ರೆ ಅಂಗಡಿಯ ಮೇಲಿನ ಅದೇ ಕೋಣೆ. ಮಲ್ಲಮ್ಮ ಊರಿಗೆ ಹೋಗಿರಲಿಲ್ಲ; ಹೋದರೆ ಬೀಗರ ಮಂದಿಯ ಮಾತು ಕೇಳಬೇಕಲ್ಲ. ನನ್ನನ್ನು ಕಂಡೊಡನೆ ಗುರುತು ಹಿಡಿದರು. ಶರಣಪ್ಪ ಕೆ.ಆರ್. ಪುರದ ಕಡೆ ಕೆಲಸಕ್ಕೆ ಹೋಗಿದ್ದ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ಊಟಾ ಮಾಡ್ರಿ. ರೊಟ್ಟಿ ಇಲ್ರಿ ನಮ್ಮನ್ಯಾಗ, ಅನ್ನಾನೇ. ರೊಟ್ಟಿ ಬಡಿಯೋದು ಬಿಟ್ಟೀನಿ. ನನ್ನ ಮಗ ಖಾನಾವಳ್ಯಾಗ ತಿಂದ ಬರ್ತಾನ."

ನಾನು ಕೂತು ಎಲ್ಲವನ್ನೂ ಹೇಳಿದೆ. ಹರಿದ ಪರದೆ, ಎರಡು ಹಾಳೆ, ನನ್ನ ಸಹಿ, ಸ್ಕೂಟರಿನ ಹತ್ತಿರ ಆಡಿದ ಮಾತು. ಬಿಸಿ ರೊಟ್ಟಿಯಿಂದ ಎದೆಗೆ ಬೂಷ್ಟು ಇಳಿಯುವುದಿಲ್ಲ, ನೀವು ನಿಮ್ಮ ಸೊಸೆಗೆ ಏನೂ ಕೆಡುಕು ಮಾಡಲಿಲ್ಲ ಎಂದೆ.

"ಹಂಗಂದ್ರ ಧೂಳಿನಿಂದ ಆತೇನ್ರಿ?"

"ಅದೂ ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಾಗಲ್ಲ. ರೊಟ್ಟಿಯಿಂದ ಅಲ್ಲ, ಅಷ್ಟು ನಂಗೊತ್ತು. ದೊಡ್ಡ ಸಿಸ್ಟರ್ ನಿಮ್ಗೆ ಸುಳ್ಳು ಹೇಳಿದ್ರು."

ಮಲ್ಲಮ್ಮ ಎದ್ದು ಒಲೆ ಆರಿಸಿದರು. ಅಳಬಹುದು, ಬೈಯಬಹುದು ಎಂದು ಕಾದೆ. ಅವರು ಬಂದು ನನ್ನ ಎದುರಿಗೇ ಕೂತು, ಬೇಸರವಿಲ್ಲದ ದನಿಯಲ್ಲಿ ಹೇಳಿದರು:

"ಅಕಿ ಮಾತು ನಾ ನಂಬಿದ್ದಿಲ್ರಿ ಅಕ್ಕಾರ. ತಾನೇ ತರ್ಸಿ ತಾನೇ ಹಂಗಂದ್ರ ಯಾರ್ ನಂಬ್ತಾರ? ಅಕಿ ರೊಟ್ಟಿ ಅಂದ ಕೂಡ್ಲೇ ನಾ ನಿಮ್ಮ ಮಾರಿ ನೋಡಿದೆ. ನೀವು ದಿನಾ ಅಲ್ಲೇ ನಿಂತು ನೋಡಿದವ್ರು, ಹೇಳ್ತೀರಿ ಅಂದ್ಕೊಂಡೆ. ನೀವು ತೆಲಿ ತೆಗ್ಗ ಮಾಡಿದ್ರಿ. ಆಗ ನಂಬಿದೆ ನೋಡ್ರಿ."